ಫ್ಯಾನ್ ದೊಡ್ಡದಾದ್ರೆ ಸ್ಪೀಡ್ ಜಾಸ್ತಿ ಅಂತೆ

ಆರ್‌ಸಿ ಪ್ಲೇನ್, ಅಂದ್ರೆ ರಿಮೋಟಲ್ಲಿ ಹಾರಿಸೋ ಪುಟ್ಟ ವಿಮಾನದ ಹುಚ್ಚು ಇರೋರ ಮನೇಲಿ ಪ್ಲೇನ್ ಒಂದೇ ಇದ್ರೂ ಪ್ರೊಪೆಲ್ಲರ್, ಅದೇ ಮೂತೀಲಿ ತಿರುಗೋ ಫ್ಯಾನ್ ಮಾತ್ರ ಡ್ರಾಯರ್ ತುಂಬಾ ಇರುತ್ತೆ. ನನ್ನ ಹೆಂಡ್ತಿ ಒಂದಿನ ಎಲ್ಲಾ ಹೊರಗೆ ಹರಡ್ಕೊಂಡು "ಎಲ್ಲಾ ಒಂದೇ ಥರ ಇದ್ಯಲ್ರೀ" ಅಂದ್ಲು. ಅಲ್ಲಮ್ಮ, ಇದು 11×5, ಇದು 10×6, ಇದು 9×7, ಮೊದಲ್ನೇ ನಂಬರ್ ತುದಿಯಿಂದ ತುದಿಗೆ ಎಷ್ಟು ಇಂಚು ಅಂತ, ಎರಡನೇದು ಪಿಚ್, ಒಂದು ಸುತ್ತು ತಿರುಗಿದ್ರೆ ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಹೋಗ್ಬೇಕು ಅಂತ, ಅಂದೆ. ಅವ್ಳು ಗುಣಿಸಿ "55, 60, 63. ಮೂರನೇದು ಇಟ್ಕೊಳಿ, ಮಿಕ್ಕಿದ್ದು ಗುಜರಿಗೆ" ಅಂದ್ಲು. ಲೆಕ್ಕ ಪೂರ್ತಿ ತಪ್ಪು, ಆದ್ರೆ ಪಿಚ್ ಜಾಸ್ತಿ ಇರೋದು ಅದಕ್ಕೇ, ಹಾಗಾಗಿ ಸ್ಪೀಡ್ ಬೇಕು ಅನ್ನೋರಿಗೆ ಉತ್ತರ ಕರೆಕ್ಟು!

ಗ್ರೌಂಡಿಗೆ ವಾಕಿಂಗ್ ಬರೋ ಅಂಕಲ್ ಒಬ್ರದ್ದು ಬೇರೆ ಸಿದ್ಧಾಂತ. "ಫ್ಯಾನ್ ಚಿಕ್ಕದಾಯ್ತು ಕಣಪ್ಪಾ, ದೊಡ್ಡದು ಹಾಕು." ದೊಡ್ಡದು ಹಾಕಿದ್ರೆ ಎಂಜಿನ್‌ಗೆ ಲೋಡ್ ಜಾಸ್ತಿಯಾಗಿ ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ತಿರುಗೋ ಸುತ್ತು, ಬೀಳುತ್ತೆ ಸಾರ್, ಎಳೆಯೋ ಶಕ್ತಿ ಚೆನ್ನಾಗಿರುತ್ತೆ, ಓಟ ಇರಲ್ಲ ಅಂದ್ರೆ ಕೇಳಲ್ಲ. 7 ಇಂಚು ಪಿಚ್ ಪ್ರೊಪ್ 15,000 ಆರ್‌ಪಿಎಂ ತಿರುಗಿದ್ರೆ ಪೇಪರ್ ಮೇಲೆ ಗಂಟೆಗೆ 160 ಕಿಲೋಮೀಟರ್. ಆದ್ರೆ ನಿಂತಲ್ಲಿಂದ ಹೊರಡೋವಾಗ ಅದೇ ಪ್ರೊಪ್ಪು ನಂದಿ ಬೆಟ್ಟಾನ ನಾಲ್ಕನೇ ಗೇರಲ್ಲಿ ಹತ್ತೋ ಬೈಕ್ ಥರ ಒದ್ದಾಡುತ್ತೆ, ಹುಲ್ಲು ಬೇರೆ ಉದ್ದ ಬೆಳೆದಿದ್ರೆ ಪ್ಲೇನು ಹಾರೋದೇ ಇಲ್ಲ, ಗ್ರೌಂಡ್ ಕೊನೇವರೆಗೂ ಓಡಿ ಮೇಯ್ತಿರೋ ಹಸು ಹತ್ರ ಹೋಗಿ ನಿಲ್ಲುತ್ತೆ. ಜೊತೆಗೆ ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರ, ಗಾಳೀನೇ ತೆಳು. ಎಂಜಿನ್‌ಗೂ ಪವರ್ ಕಮ್ಮಿ, ರೆಕ್ಕೆಗೂ ಲಿಫ್ಟ್ ಕಮ್ಮಿ, ಚೆನ್ನೈನಲ್ಲಿ ಸಲೀಸಾಗಿ ಎದ್ದ ಪ್ಲೇನಿಗೆ ಇಲ್ಲಿ ಇನ್ನೂ ಸ್ವಲ್ಪ ರನ್‌ವೇ ಬೇಕು.

ನಮ್ಮ ಪ್ಲೇನಲ್ಲಿರೋ ಪುಟ್ಟ ಎಂಜಿನ್‌ಗೆ ಗ್ಲೋ ಎಂಜಿನ್ ಅಂತಾರೆ, ಅದಕ್ಕೆ ಹಾಕೋದು ಪೆಟ್ರೋಲ್ ಅಲ್ಲ, ಮೆಥನಾಲು, ಸ್ವಲ್ಪ ನೈಟ್ರೋಮೀಥೇನು, ಮತ್ತೆ ಎಣ್ಣೆ. ಆ ಎಣ್ಣೇಲಿ ಎಷ್ಟೋ ಸಲ ಹರಳೆಣ್ಣೆ ಇರುತ್ತೆ! ಹಾರಿಸಿ ಮನೆಗೆ ಬಂದ್ರೆ ಶರ್ಟೆಲ್ಲಾ ಅದೇ ವಾಸ್ನೆ. ಅಮ್ಮ ಮೂಸಿ "ಯಾರಿಗೋ ಉಷ್ಣ ಆಗಿದ್ಯಾ?" ಅಂದ್ರು. ಹೂಂ ಅಮ್ಮ, ಎಂಜಿನ್‌ಗೆ. ಸುಳ್ಳೇನಲ್ಲ, ಎಂಜಿನ್ ವಿಪರೀತ ಕಾದಾಗ್ಲೂ ಹರಳೆಣ್ಣೆ ಕೈಬಿಡಲ್ಲ ಅಂತಾನೇ ಹಾಕೋದು. ಅಮ್ಮಂಗೆ ಅವತ್ತಿಂದ ಈ ಹವ್ಯಾಸದ ಮೇಲೆ ಸ್ವಲ್ಪ ಗೌರವ ಬಂದಿದೆ.

ಇದೆಲ್ಲಾ ಬಿಡಿ, ನನ್ನ ಫ್ರೆಂಡ್ ಒಬ್ಬ ಇದಾನೆ, ಅವ್ನಿಗೆ ಪ್ರೊಪ್ ಸಮಸ್ಯೆನೇ ಇಲ್ಲ, ಸ್ಪೀಡ್ ಬೇಕಾ, ಎಂಜಿನ್ನೇ ದೊಡ್ಡದು ಹಾಕು. 40 ಸೈಜ್ ಎಂಜಿನ್‌ಗೆ ಅಂತ ಮಾಡಿರೋ ಪ್ಲೇನಿಗೆ, ಅಂದ್ರೆ ಆರೂವರೆ ಸಿಸಿ, ತಗೊಂಡೋಗಿ 60 ಸೈಜ್ ಕೂರಿಸ್ದ, ಹತ್ತು ಸಿಸಿ. ಮೂತಿ ಭಾರ ಆಯ್ತು. ಬ್ಯಾಲೆನ್ಸ್ ಮಾಡಕ್ಕೆ ಬಾಲಕ್ಕೆ ಸೀಸ ಅಂಟಿಸ್ದ. ಒಟ್ಟು ತೂಕ ಏರ್ತು, ತೂಕ ಏರಿದ್ದಕ್ಕೆ ಲ್ಯಾಂಡಿಂಗ್ ಸ್ಪೀಡೂ ಏರ್ತು, ಟ್ಯಾಂಕ್ ಮಾತ್ರ ಹಳೇ ಚಿಕ್ಕದೇ, ಹಾಗಾಗಿ ಒಂದೆರಡು ಸುತ್ತು ಹೊಡೆಯೋದ್ರೊಳಗೆ ಫ್ಯುಯೆಲ್ ಖಾಲಿ, ಎಂಜಿನ್ ಆಫ್, ಅಷ್ಟು ಸ್ಪೀಡಲ್ಲಿ ಬಂದು ಮೂತಿ ಊರಿ ಇಳಿಯೋದು, ಪ್ರತಿ ಸಲ ಒಂದು ಪ್ರೊಪ್ ಪೀಸ್ ಪೀಸ್. ಪ್ಲೇನ್ ಸ್ಪೀಡಾಗೇನೋ ಹೋಗುತ್ತೆ, ಸುಳ್ಳು ಹೇಳ್ಬಾರ್ದು. ಹಾಬಿ ಅಂಗಡಿಯವ್ನು ಈಗ ಇವನನ್ನ ದೂರದಿಂದ ಕಂಡ್ರೇನೇ ಟೀ ತರಿಸ್ತಾನೆ.