ಸತ್ಯಾಂಶ: ‘ನೀನು ಜಾಣ’ ಅಂದರೆ ಅಂಕ ಬರುತ್ತಾ?

ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಪೋಷಕರ ವಾಟ್ಸಾಪಿಗೆ ಈ ಸಂದೇಶ ಬರುತ್ತದೆ: ‘ಮಗುವಿಗೆ ದಿನಾ ನೀನು ಜಾಣ ಅನ್ನಿ, ಆತ್ಮವಿಶ್ವಾಸ ಬೆಳೆದು ಅಂಕ ತಾನಾಗಿ ಬರುತ್ತದೆ.’ ಇದು ಪೂರ್ತಿ ನಿಜ ಅಲ್ಲ.

ಪ್ರೋತ್ಸಾಹಕ್ಕೆ ಖಂಡಿತ ಬೆಲೆ ಇದೆ. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ಬೇರೆಯವರ ಮಾತೂ ಒಂದು ಮೂಲ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದರು. ಆದರೆ ಅವರ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಮೂಲ ತಾನೇ ಮಾಡಿ ಗೆದ್ದ ಅನುಭವ. ತನ್ನಂಥವರು ಮಾಡಿದ್ದನ್ನು ನೋಡಿದರೂ ಧೈರ್ಯ ಬರುತ್ತದೆ.

ಇನ್ನು ‘ಜಾಣ’ ಎಂಬ ಹೊಗಳಿಕೆ. ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅಮೆರಿಕದ ಐದನೇ ತರಗತಿ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಬುದ್ಧಿವಂತರೆಂದು ಹೊಗಳಿಸಿಕೊಂಡವರಿಗೆ, ಕಷ್ಟದ ಪ್ರಶ್ನೆಗಳಲ್ಲಿ ಸೋತ ಮೇಲೆ ಮುಂದುವರಿಸುವ ಮನಸ್ಸೇ ಕಡಿಮೆಯಾಯಿತು. ಶ್ರಮಕ್ಕಾಗಿ ಹೊಗಳಿಸಿಕೊಂಡವರಲ್ಲಿ ಉತ್ಸಾಹ ಜಾಸ್ತಿ ಉಳಿಯಿತು.

ಸುಮ್ನೆ ಹೊಗಳುವ ಬದಲು ಮಗುವಿನ ಲೆಕ್ಕದ ಪುಸ್ತಕ ತೆರೆದು ನೋಡಿ. ಉತ್ತರ ತಪ್ಪಿದ್ದರೂ ಮೂರನೇ ಸಾಲಿನವರೆಗೆ ಸರಿ ಇರಬಹುದು, ಅಲ್ವಾ? ‘ಇಲ್ಲಿವರೆಗೆ ಚಂದ ಮಾಡಿದ್ದಿ ಮಗಾ. ಈ ಸಾಲಿನಲ್ಲಿ ಮೈನಸ್ ಬಿಟ್ಟುಹೋಗಿದೆ, ಇನ್ನೊಮ್ಮೆ ಮಾಡು’ ಅನ್ನಿ. ಮಾಡಿ ಮುಗಿಸುವವರೆಗೆ ಪಕ್ಕದಲ್ಲೇ ಕೂತಿರಿ.