ಈ ಸಲ ಡೆಂಗ್ಯೂ ಕಡಿಮೆಯಂತೆ, ಪಾಪ!

ಬ್ಯಾಂಕ್ ಬಿಟ್ಟ ಮೇಲೆ ನನಗೆ ಹತ್ತಿದ ಚಟ ನಿಮಗೆಲ್ಲ ಗೊತ್ತೇ ಇದೆ. ಕಂಪನಿಗಳು ಮೂರು ತಿಂಗಳ ಲೆಕ್ಕ ಬಿಡುವ ರಿಸಲ್ಟ್ ಸೀಸನ್ ಬಂತೆಂದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಪನಿಯವರು ಶೇರು ಅಳೆಯುವ ಅನಲಿಸ್ಟ್‌ಗಳ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸುವ ಕಾನ್‌ಕಾಲ್ ಕೇಳುತ್ತಾ ಕೂರುತ್ತೇನೆ. ಕೈ ಖಾಲಿ ಇರಬಾರದು ಅಂತ ನಮ್ಮವಳು ಅವರೆಕಾಯಿ ಬುಟ್ಟಿ ಮುಂದಿಟ್ಟು ಹೋಗುತ್ತಾಳೆ. ಇವತ್ತು ಕೇಳಿದ್ದು ಒಂದು ಆಸ್ಪತ್ರೆ ಕಂಪನಿಯದ್ದು. ಸಾಹೇಬರೊಬ್ಬರು ಬಹಳ ಬೇಸರದ ದನಿಯಲ್ಲಿ ಹೇಳಿದರು, ಈ ಕ್ವಾರ್ಟರ್‌ನಲ್ಲಿ ಸೀಸನಲ್ ಜ್ವರಗಳು ಕಡಿಮೆ ಇದ್ದವು, ಡೆಂಗ್ಯೂ ಕೂಡ ಅಷ್ಟಾಗಿ ಬರಲಿಲ್ಲ, ಹಾಗಾಗಿ ಬೆಡ್‌ಗಳು ಅಂದುಕೊಂಡಷ್ಟು ತುಂಬಲಿಲ್ಲ ಅಂತ. ಆಷಾಢದಲ್ಲಿ ಛತ್ರ ಖಾಲಿ ಹೊಡೆಯುತ್ತಿದೆ ಅಂತ ಮಾಲೀಕ ಗೊಣಗುತ್ತಾನಲ್ಲ, ಥೇಟ್ ಹಾಗೆ. ಅದಕ್ಕೆ ಆ ಕಡೆಯ ಅನಲಿಸ್ಟ್, ಇನ್ನೂ ಹುಡುಗನ ದನಿ, ಏನು ಕೇಳಿದ ಗೊತ್ತಾ? ಮುಂದಿನ ಕ್ವಾರ್ಟರ್ ಸುಧಾರಿಸುತ್ತಾ ಸರ್?

ಏನು ಸುಧಾರಿಸಬೇಕು ಮಹರಾಯ? ಸೊಳ್ಳೆನಾ?

ಇದೊಂದೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಪಿತ್ತ ನೆತ್ತಿಗೇರಿದ್ದು ಆಮೇಲೆ, ಆರ್‌ಪಾಬ್ ಶುರುವಾದಾಗ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೋಗಿ ಮಲಗಿರುವ ಒಂದೊಂದು ಬೆಡ್ ದಿನಕ್ಕೆ ಸರಾಸರಿ ಎಷ್ಟು ದುಡಿಯಿತು ಅನ್ನುವ ಲೆಕ್ಕ ಅದು. ಆಸ್ಪತ್ರೆ ಶೇರಿಗೆ ಇದೇ ಜಾತಕ. ದೇಶದ ಹಲವು ದೊಡ್ಡ ಲಿಸ್ಟೆಡ್ ಆಸ್ಪತ್ರೆಗಳಲ್ಲಿ ಇದು ದಿನಕ್ಕೆ 60 ಸಾವಿರ ದಾಟಿದೆ, ಕೆಲವರದು 75 ಸಾವಿರದ ಆಸುಪಾಸು. ಬೆಡ್ ಅಷ್ಟೇ ಇದ್ದು ಈ ನಂಬರ್ ಮಾತ್ರ ಏರಿದರೆ ಟಿವಿಯವರು ಕುಣಿಯುತ್ತಾರೆ, ಬ್ರೋಕರೇಜ್‌ನವರು ಶೇರಿನ ಟಾರ್ಗೆಟ್ ಬೆಲೆ ಏರಿಸುತ್ತಾರೆ. ಆ ದುಡ್ಡು ಬಂದದ್ದು ಎಲ್ಲಿಂದ ಸ್ವಾಮಿ? ಮಲಗಿದವನ ಕಡೆಯವರ ಜೇಬಿನಿಂದ ತಾನೇ?

ಹೋದ ವರ್ಷ ನಮ್ಮ ಭಾವನವರಿಗೆ ಗಾಲ್‌ಬ್ಲಾಡರ್ ಆಪರೇಷನ್ ಆಯಿತಲ್ಲ, ಆವಾಗ ಈ ನಂಬರ್ ಹೇಗೆ ಏರುತ್ತದೆ ಅಂತ ಹತ್ತಿರದಿಂದ ನೋಡಿದೆ. ಆಸ್ಪತ್ರೆ ಹೆಸರು ಬೇಡ ಬಿಡಿ. ಶೇರಿಂಗ್ ರೂಮ್ ಖಾಲಿ ಇಲ್ಲ, ಸಿಂಗಲ್ ತಗೊಳ್ಳಿ ಅಂದರು. ತಗೊಂಡೆವು. ಡಿಸ್‌ಚಾರ್ಜ್ ದಿನ ನೋಡಿದರೆ ರೂಮ್ ಬಾಡಿಗೆ ಮಾತ್ರ ಏರಿಲ್ಲ, ಸರ್ಜನ್ ಫೀಸು, ಓಟಿ ಚಾರ್ಜು, ಅನಸ್ತೇಸಿಯಾ ಎಲ್ಲವೂ ಸಿಂಗಲ್ ರೂಮಿನ ರೇಟು! ಅದೇ ಓಟಿ, ಅದೇ ಟೇಬಲ್, ಅದೇ ಡಾಕ್ಟರು, ಅಷ್ಟೇ ಹೊಲಿಗೆ. ಇನ್ಶೂರೆನ್ಸ್ ಇತ್ತಲ್ಲಾ ಅಂತೀರಾ? ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 5 ಸಾವಿರದ ಮಿತಿ, ರೂಮ್ ಇದ್ದದ್ದು 8 ಸಾವಿರದ್ದು. ಹೆಚ್ಚಾದ ಬಾಡಿಗೆಯಷ್ಟೇ ನಾವು ಕಟ್ಟಬೇಕು ಅಂದುಕೊಂಡು ಅಕ್ಕ ನಿರಾಳವಾಗಿ ಕೂತಿದ್ದಳು. ಇನ್ಶೂರೆನ್ಸ್‌ನವರು ಡಾಕ್ಟರ್ ಫೀಸು, ಓಟಿ ಚಾರ್ಜನ್ನೂ ಎಂಟಕ್ಕೆ ಐದರ ಲೆಕ್ಕದಲ್ಲೇ ಕತ್ತರಿಸಿದರು. ಪಾಲಿಸಿಯಲ್ಲಿ ಬರೆದಿರುತ್ತದೆ, ಕಾನೂನುಬದ್ಧ, ಯಾರನ್ನೂ ಬೈಯುವ ಹಾಗಿಲ್ಲ. ಬಿಲ್ಲಿನ ಕೊನೆಯ ಪುಟದಲ್ಲಿ ಅಡ್ಮಿಷನ್ ಕಿಟ್ ಅಂತ ಒಂದು ಸಾಲು. ಸೋಪು, ಪೇಸ್ಟು, ಒಂದು ಮಗ್, ಒಂದು ಬಾಚಣಿಗೆ. ನಮ್ಮ ಭಾವನವರ ತಲೆ ನೀವೆಲ್ಲ ನೋಡಿದ್ದೀರಿ. ಬಾಚಣಿಗೆ!

ಆ ಬಾಚಣಿಗೆಯೂ ಹೋಗಿ ಕೂರುವುದು ಆರ್‌ಪಾಬ್‌ನಲ್ಲೇ. ಷೇರುದಾರರಿಗೆ ತೋರಿಸುವ ಸ್ಲೈಡಿನಲ್ಲಿ ಹಸಿರು ಬಾಣ.

ಇದು ನನ್ನೊಬ್ಬನ ಗೋಳಾಟ ಅಂದುಕೊಳ್ಳಬೇಡಿ. 2018ರಲ್ಲಿ ಔಷಧ ಬೆಲೆ ಪ್ರಾಧಿಕಾರ ಎನ್‌ಪಿಪಿಎ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಬಿಡಿಸಿ ನೋಡಿತ್ತು. ಕೆಲವು ಸಾಮಾನುಗಳ ಮೇಲೆ ಮಾರ್ಜಿನ್ ಶೇ. 1,737ರವರೆಗೆ ಇತ್ತು. ಅದಕ್ಕೂ ಒಂದು ವರ್ಷ ಮೊದಲು ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್ ಬೆಲೆಗೆ ಮಿತಿ ಹಾಕಿ, ಔಷಧಿ ಲೇಪಿಸಿದ್ದಕ್ಕೆ 29,600 ರೂಪಾಯಿ, ಸಾದಾ ಸ್ಟೆಂಟಿಗೆ 7,260 ಅಂತ ನಿಗದಿ ಮಾಡಿದ್ದರು. ಲಕ್ಷದ ಮೇಲೆ ಕಟ್ಟಿಸಿಕೊಳ್ಳುತ್ತಿದ್ದ ವಸ್ತು! ಆಸ್ಪತ್ರೆ ಮುಚ್ಚುತ್ತವೆ, ಒಳ್ಳೆ ಸ್ಟೆಂಟೇ ಸಿಗುವುದಿಲ್ಲ ಅಂತ ಆಗ ಹುಯಿಲೋ ಹುಯಿಲು. ಎಲ್ಲಿ ಮುಚ್ಚಿದವು?

ಈಗ ಬರುತ್ತಾರೆ ನೋಡಿ ಕಾಮೆಂಟಿನಲ್ಲಿ, ಲಾಭ ಇಲ್ಲದೆ ಯಾರು ಆಸ್ಪತ್ರೆ ಕಟ್ಟುತ್ತಾರೆ ಸಾರ್, ದೇಶದಲ್ಲಿ ಬೆಡ್ ಕೊರತೆ ಇದೆ, ಶೇರು ಮಾರ್ಕೆಟ್ ದುಡ್ಡಿನಿಂದಲೇ ಹೊಸ ಬೆಡ್ ಬರುತ್ತಿರುವುದು ಅಂತ. ಸರಿ, ಒಪ್ಪಿದೆ. ನಮ್ಮ ಬೊಮ್ಮಸಂದ್ರದ ನಾರಾಯಣ ಹೃದಯಾಲಯವನ್ನೇ ತಗೊಳ್ಳಿ. ಕಡಿಮೆ ಖರ್ಚಿನಲ್ಲಿ ಹಾರ್ಟ್ ಆಪರೇಷನ್ ಮಾಡಬಹುದು ಅಂತ ದೇವಿ ಶೆಟ್ಟರು ತೋರಿಸಿದ್ದು ಸುಳ್ಳಲ್ಲ. 2003ರಲ್ಲಿ ಯಶಸ್ವಿನಿ ಆರೋಗ್ಯ ವಿಮೆ ಯೋಜನೆ ಬಂದಾಗ ಸಹಕಾರ ಸಂಘದ ರೈತ ತಿಂಗಳಿಗೆ ಐದು ರೂಪಾಯಿ ಕಟ್ಟುತ್ತಿದ್ದ, ಅದರ ಹಿಂದೆಯೂ ಅವರೇ ಇದ್ದರು. ಮೊದಲು 250 ರೂಪಾಯಿಗೆ ಮಾರಿ 2016ರ ಜನವರಿಯಲ್ಲಿ ಲಿಸ್ಟ್ ಆದ ಆ ಆಸ್ಪತ್ರೆಯ ಶೇರು 2025ರಲ್ಲಿ 1,700 ದಾಟಿತು. ಸಂತೋಷ. ಆದರೆ ಈ ವಾದ ಮಾಡುವವರು ಒಂದೇ ಒಂದು ಕಾಲ್ ಪೂರ್ತಿ ಕೇಳಲಿ. ಕಡಿಮೆ ಖರ್ಚಿನ ಬಗ್ಗೆ ಅನಲಿಸ್ಟ್ ಯಾವತ್ತಾದರೂ ಶಭಾಷ್ ಅಂದದ್ದು ಉಂಟಾ? ಅವರ ಪ್ರಶ್ನೆ ಒಂದೇ: ಸರ್ಕಾರಿ ಸ್ಕೀಮ್ ಪೇಶೆಂಟುಗಳನ್ನು ಯಾವಾಗ ಕಡಿಮೆ ಮಾಡುತ್ತೀರಿ? ಮಾಡುತ್ತಿದ್ದೇವೆ ಸರ್, ಕ್ಯಾಶ್ ಮತ್ತು ಇನ್ಶೂರೆನ್ಸ್ ಪಾಲು ಏರುತ್ತಿದೆ ಅಂತ ಆ ಕಡೆಯಿಂದ ಉತ್ತರ. ಕಡಿಮೆ ದರದ ಆಯುಷ್ಮಾನ್ ಕಾರ್ಡ್ ಹಿಡಿದು ಬಂದವನು ಕಡಿಮೆಯಾದರೆ ಆರ್‌ಪಾಬ್ ಏರುತ್ತದೆ, ಅಷ್ಟೇ ವ್ಯವಹಾರ. ಆತ ಆಮೇಲೆ ಎಲ್ಲಿಗೆ ಹೋಗುತ್ತಾನೆ ಅನ್ನುವ ಪ್ರಶ್ನೆ ಆ ಒಂದು ಗಂಟೆಯಲ್ಲಿ ಬರುವುದಿಲ್ಲ. ಜಯದೇವಕ್ಕೆ ಹೋಗಿ ಕ್ಯೂ ನಿಲ್ಲುತ್ತಾನೆ, ಇನ್ನೆಲ್ಲಿಗೆ.

ಇನ್ನು ಸರ್ಕಾರ ರೇಟು ನಿಗದಿ ಮಾಡಲಿ ಅಂದರೆ ನಮಗೆ 2017 ನೆನಪಿಲ್ಲವಾ? ಆರೋಗ್ಯ ಮಂತ್ರಿ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳಿಗೆ ನಿಯಮ ಹಾಕುವ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದಾಗ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿ ಓಪಿಡಿ ಬಂದ್ ಮಾಡಿದರು. ಕೊನೆಗೆ ಪಾಸಾದ ಮಸೂದೆಯಲ್ಲಿ ದರದ ಮಿತಿ ಸರ್ಕಾರಿ ಸ್ಕೀಮ್‌ಗಳಿಗೆ ಮಾತ್ರ ಉಳಿಯಿತು. ನಮ್ಮ ಭಾವನಂಥವರಿಗೆ ಬಾಚಣಿಗೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ದರ ನಿಗದಿ ಮಾಡಿ, ಇಲ್ಲದಿದ್ದರೆ ಕೇಂದ್ರ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ದರವನ್ನೇ ಎಲ್ಲರಿಗೂ ಅನ್ವಯಿಸುವ ಬಗ್ಗೆ ಯೋಚಿಸುತ್ತೇವೆ ಅಂದಾಗ ಆಸ್ಪತ್ರೆ ಶೇರುಗಳು ಬಿದ್ದವು. 2025ರ ಅಕ್ಟೋಬರ್‌ನಲ್ಲಿ ಅದೇ ಸಿಜಿಎಚ್‌ಎಸ್ ದರ ಏರಿಸಿದರು, ಶೇರುಗಳು ಏರಿದವು. ನಮ್ಮ ಬಿಲ್ ಇಳಿಯಬಹುದು ಅಂದರೆ ಅವರಿಗೆ ಜ್ವರ. ಇದಕ್ಕಿಂತ ಸ್ಪಷ್ಟವಾಗಿ ಮಾರ್ಕೆಟ್ ಇನ್ನೇನು ಹೇಳಬೇಕು?

ನೀನೇನು ಸಾಚಾನಾ ಅಂತ ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಆಸ್ಪತ್ರೆ, ಔಷಧಿ ಕಂಪನಿಗಳ ಶೇರಿನಲ್ಲಿ ದುಡ್ಡು ಹಾಕುವ ಹೆಲ್ತ್‌ಕೇರ್ ಫಂಡ್ ನನ್ನ ಹತ್ತಿರವೂ ಇದೆ. ಪೆನ್ಶನ್ ಬಿಟ್ಟರೆ ಚೆನ್ನಾಗಿ ಬೆಳೆದಿರುವುದು ಅದೊಂದೇ. ಮಾರುವುದೂ ಇಲ್ಲ. ಯಾಕೆ ಗೊತ್ತಾ? ನಾಳೆ ನಾನೇ ಆ ಬೆಡ್ ಮೇಲೆ ಮಲಗಿದರೆ ಬಿಲ್ ಕಟ್ಟೋಕೆ ಬೇಕಲ್ಲ! ಆಸ್ಪತ್ರೆ ಬಿಲ್ ಏರುವ ಹೆದರಿಕೆಗೆ ಆಸ್ಪತ್ರೆ ಶೇರನ್ನೇ ಇಟ್ಟುಕೊಂಡಿದ್ದೇನೆ. ಇದನ್ನು ನಮ್ಮವಳಿಗೆ ವಿವರಿಸಿದೆ. ನಿಮ್ಮ ಬೆಡ್ ಎಷ್ಟು ದುಡಿಯುತ್ತೆ ಅಂತ ನೋಡೋಕೆ ಷೇರುದಾರರ ಕೋಟಾದಲ್ಲಿ ಕಿಟಕಿ ಪಕ್ಕದ ರೂಮ್ ಕೊಡ್ತಾರಾ ಅಂತ ಕೇಳಿದಳು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಕ್ವಾರ್ಟರ್ ಐವತ್ತು ಸ್ಲೈಡ್ ಮಾಡುತ್ತೀರಲ್ಲ, ಅದರಲ್ಲಿ ಒಂದು ಸ್ಲೈಡ್ ನಮಗೂ ಬಿಡಿ. ಒಂದು ಸಿಸೇರಿಯನ್, ಒಂದು ಗಾಲ್‌ಬ್ಲಾಡರ್, ಒಂದು ಮಂಡಿ ಆಪರೇಷನ್, ನಿಮ್ಮ ಯಾವ ಬ್ರಾಂಚಿನಲ್ಲಿ ಯಾವ ರೂಮಿಗೆ ಸರಾಸರಿ ಎಷ್ಟು ಬಿಲ್ ಆಯಿತು ಅಂತ ಹಾಕಿ. ಷೇರುದಾರರಿಗೆ ಬೆಡ್ ಲೆಕ್ಕ ಪೈಸೆ ಪೈಸೆ ಕೊಡುವವರಿಗೆ ಇದು ಕಷ್ಟವಾ? ಆ ಹುಡುಗ ಅನಲಿಸ್ಟ್ ಕೇಳುವುದಿಲ್ಲ, ನನಗೆ ಗೊತ್ತು. ಮುಂದಿನ ಕಾಲ್‌ನಲ್ಲಿ ಕ್ಯೂನಲ್ಲಿ ನಿಂತು ನಾನೇ ಕೇಳುತ್ತೇನೆ, ಮೈಕ್ ಕೊಟ್ಟರೆ. ಮತ್ತೆ ಇಷ್ಟೆಲ್ಲ ಓದಿಯೂ ಯಾವ ಆಸ್ಪತ್ರೆ ಶೇರು ತಗೊಳ್ಳಲಿ ಅಂತ ಇನ್‌ಬಾಕ್ಸಿಗೆ ಬರುವ ಮಿತ್ರರೇ, ನಿಮ್ಮನ್ನು ಈ ಸಲ ನಿಜವಾಗಿಯೂ ಬ್ಲಾಕ್ ಮಾಡುತ್ತೇನೆ.