ನಕಲು ಮಾಡಿಸುವುದಕ್ಕೆ ರಜೆಯೇ ಬೇಕಿತ್ತೆ?

ನಿನ್ನೆ ಸಂಜೆ ತಮ್ಮನ ಮನೆಯಲ್ಲಿ ಕಂಡ ಒಂದು ನೋಟ್‌ಬುಕ್ಕಿನಿಂದಾಗಿ ರಾತ್ರಿಯಿಡೀ ಮನಸ್ಸಿಗೆ ನೆಮ್ಮದಿಯಿಲ್ಲ. ಅವನ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ದಸರಾ ರಜೆಗೆಂದು ಅವಳ ಶಾಲೆಯವರು ಸಮಾಜ ವಿಜ್ಞಾನದಲ್ಲಿ ಕೊಟ್ಟಿರುವ ಕೆಲಸವೆಂದರೆ, ಈವರೆಗೆ ಆಗಿರುವ ಎಲ್ಲ ಪಾಠಗಳ ಪ್ರಶ್ನೋತ್ತರಗಳನ್ನು ಎರಡೆರಡು ಸಲ ಬರೆದುಕೊಂಡು ಬರುವುದು. ಪ್ರಶ್ನೆಗೆ ಕಪ್ಪು ಶಾಯಿ, ಉತ್ತರಕ್ಕೆ ನೀಲಿ ಶಾಯಿ ಬಳಸಿ, ಸ್ಕೇಲಿಟ್ಟು ಅಂಚು ಎಳೆದು, ಅವಳು ಜಗಲಿಯ ಮೇಲೆ ಕುಳಿತು ಬಹಳ ಮುತುವರ್ಜಿಯಿಂದ ಬರೆಯುತ್ತಿದ್ದಳು. ಆಗ ಬರೆಯುತ್ತಿದ್ದದ್ದು ಪುಸ್ತಕದ ಮೊದಲ ಪಾಠ, ‘ಆಧಾರಗಳು’. ಶಾಸನಗಳು, ನಾಣ್ಯಗಳು, ಸ್ಮಾರಕಗಳು, ಮೌಖಿಕ ಆಧಾರಗಳು ಎಂದು ಪಟ್ಟಿ ಮಾಡಿ ಮುಗಿಸಿದವಳು ತಲೆಯೆತ್ತಿ, “ದೊಡ್ಡಪ್ಪ, ಇದು ಮೊದಲ್ನೇ ಸಲದ್ದು, ಇನ್ನೊಂದ್ಸಲ ಬರೀಬೇಕು” ಎಂದಳು. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ.

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿಯೇ ನಾನು ನಿವೃತ್ತನಾದದ್ದು ನಿಮಗೆಲ್ಲ ಗೊತ್ತಿದೆ. ಆದ್ದರಿಂದ ಶಿಕ್ಷಕರ ಕಷ್ಟ ಅರಿಯದೆ ಮಾತಾಡುತ್ತಿದ್ದೇನೆಂದು ದಯವಿಟ್ಟು ಯಾರೂ ಭಾವಿಸಬಾರದು. ಆದರೆ ಇತಿಹಾಸಕ್ಕೆ ಆಧಾರಗಳು ಬೇಕೆಂದು ಕಲಿಸುವ ಪಾಠವನ್ನೇ, ಒಂದೇ ಒಂದು ಆಧಾರವನ್ನೂ ಕಣ್ಣಿನಿಂದ ನೋಡದೆ ಎರಡು ಸಲ ನಕಲು ಮಾಡಿಸುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಸಾಧ್ಯವಿಲ್ಲ.

ಆ ಮನೆಯಿಂದ ಕೂಗಳತೆಯ ದೂರದಲ್ಲಿ, ಈಶ್ವರ ದೇವಸ್ಥಾನದ ಹಿಂದೆ, ಅರ್ಧ ಮಣ್ಣಿನಲ್ಲಿ ಹೂತ ಒಂದು ವೀರಗಲ್ಲಿದೆ. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ಒಬ್ಬನೇ ವ್ಯಕ್ತಿ, ಅವನೆದುರು ನಾಲ್ಕಾರು ಜನ, ಅವರ ಬೆನ್ನ ಹಿಂದೆ ಒತ್ತೊತ್ತಾಗಿ ನಿಂತ ದನಗಳು. ನಡುವಿನ ಹಂತದಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆಯಿಂದ ಹಿಡಿದು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರರಿದ್ದಾರೆ. ಹಂತಗಳ ನಡುವಿನ ಪಟ್ಟಿಗಳಲ್ಲಿ ಅಕ್ಷರಗಳಿದ್ದು, ನಡುಹಗಲಿನಲ್ಲಿ ಏನೂ ಕಾಣದಿದ್ದರೂ ಬೆಳಗಿನ ಓರೆ ಬಿಸಿಲು ಬಿದ್ದಾಗ ಒಂದೊಂದೇ ಅಕ್ಷರ ಎದ್ದು ಬರುತ್ತದೆ. ಹದಿಮೂರು ವರ್ಷದ ಹುಡುಗಿ ಆ ಕಲ್ಲಿನ ಮುಂದೆ ಒಂದು ಬೆಳಗು ಕುಳಿತರೆ ಎಷ್ಟು ಪ್ರಶ್ನೆಗಳು ಹುಟ್ಟಬಹುದು ಎಂದು ಯೋಚಿಸಿ ನೋಡಿ. ದನಗಳಿಗಾಗಿ ಏಕೆ ಇಷ್ಟು ದೊಡ್ಡ ಹೋರಾಟ ನಡೆಯಿತು? ಕಲ್ಲು ಕೆತ್ತಿಸುವ ಖರ್ಚು ಯಾರು ಕೊಟ್ಟರು? ಕೆತ್ತಿದವನು ಆ ಕಾಳಗವನ್ನು ಕಂಡಿದ್ದನೇ, ಅಥವಾ ಎಲ್ಲ ವೀರಗಲ್ಲಿಗೂ ಹೀಗೆಯೇ ಕೆತ್ತುವುದು ವಾಡಿಕೆಯಾಗಿತ್ತೇ? ಸತ್ತವನ ಹೆಸರು ಉಳಿದಿದೆ ಸರಿ, ಎದುರಿಗೆ ನಿಂತವರ ಹೆಸರು ಏಕಿಲ್ಲ?

ಈ ಪ್ರಶ್ನೆಗಳಿಗೆ ಅವಳು ಉತ್ತರ ಹುಡುಕುವ ದಾರಿಯೂ ದೂರದ್ದಲ್ಲ. ಬಿ.ಎಲ್. ರೈಸ್ ಅವರು ಹೊರತಂದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೆಯ ಸಂಪುಟಗಳು ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಮೀಸಲಾದವು. 1902 ಮತ್ತು 1904ರಲ್ಲಿ ಅಚ್ಚಾದ ಅವು ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ತನ್ನ ಊರಿನ ಹೆಸರು ಅದರಲ್ಲಿ ಇದೆಯೇ, ಇದ್ದರೆ ಈ ಕಲ್ಲಿನ ಬರಹ ಅಚ್ಚಾಗಿದೆಯೇ, ಅಚ್ಚಾದ ಬರಹಕ್ಕೂ ಕಲ್ಲಿನ ಮೇಲೆ ಈಗ ಕಾಣುವ ಅಕ್ಷರಕ್ಕೂ ಎಲ್ಲಿ ಹೊಂದಿಕೆಯಿಲ್ಲ ಎಂದು ನೋಡುವುದು ಎಂಟನೆಯ ತರಗತಿಯವರಿಗೆ ಮೀರಿದ ಕೆಲಸವೇನಲ್ಲ. ಹಳಗನ್ನಡ ಓದಲು ಶಿಕ್ಷಕರು ಸ್ವಲ್ಪ ನೆರವಾದರೆ ಸಾಕು.

ಶಾಲೆ ನಡೆಯುವ ದಿನಗಳಲ್ಲಿ ಇದೆಲ್ಲ ಆಗದು ಎಂಬುದನ್ನು ನಾನು ಒಪ್ಪುತ್ತೇನೆ. ಒಂದು ಪೀರಿಯಡ್ಡಿನಲ್ಲಿ ಹಾಜರಿ ಕರೆದು, ಹಿಂದಿನ ಪಾಠ ಕೇಳಿ, ಹೊಸದನ್ನು ಮುಗಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಗಂಟೆಯ ಕಾಟವಿಲ್ಲದೆ, ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ನಾಲ್ಕು ದಿನ ಅಲೆಯಲು ಮಗುವಿಗೆ ಸಿಗುವ ಕಾಲ ರಜೆಯೊಂದೇ. ಅದನ್ನೂ ನಾವು ನಕಲಿಗೆ ಕೊಟ್ಟುಬಿಟ್ಟಿದ್ದೇವೆ ಎಂಬುದೇ ನನ್ನ ಸಂಕಟ.

ತಾಳಗುಂದದ ಉದಾಹರಣೆಯನ್ನೇ ನೋಡಿ. ಪಲ್ಲವರ ಕಂಚಿಯಲ್ಲಿ ಅವಮಾನಿತನಾದ ಮಯೂರಶರ್ಮ ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆಯನ್ನು ಕರ್ನಾಟಕದ ಪ್ರತಿಯೊಂದು ಮಗುವೂ ಬರೆಯುತ್ತದೆ, ಅದಕ್ಕೆ ಅಂಕವನ್ನೂ ಪಡೆಯುತ್ತದೆ. ಆ ಕಥೆ ನಮಗೆ ಎಲ್ಲಿಂದ ಬಂತು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಗೊತ್ತಿರುವುದಿಲ್ಲ. ಅದು ಬಂದದ್ದು ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತಿರುವ ಕಂಬದ ಸಂಸ್ಕೃತ ಶಾಸನದಿಂದ. ಆ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಅದು ಹೊರಟದ್ದು ಮಯೂರಶರ್ಮನ ವಂಶದವನೇ ಆದ ಶಾಂತಿವರ್ಮನ ಕಾಲದಲ್ಲಿ, ಅಂದರೆ ಆ ಜಗಳ ನಡೆದು ಹಲವು ತಲೆಮಾರುಗಳು ಕಳೆದ ಮೇಲೆ. ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಕಟ್ಟಿಸಿದ ಕೆರೆಯ ವಿಷಯ ಹೇಳಲು ಹೊರಟ ಶಾಸನವದು. ವಂಶದ ಹಿರಿಮೆಯನ್ನು ಹೊಗಳುತ್ತ ಕವಿ ಈ ಕಥೆಯನ್ನು ಹೇಳುತ್ತಾನೆ. ಇನ್ನು ಮಯೂರಶರ್ಮನದೇ ಎನ್ನಲಾಗುವ ಚಿತ್ರದುರ್ಗದ ಚಂದ್ರವಳ್ಳಿಯ ಪುಟ್ಟ ಪ್ರಾಕೃತ ಶಾಸನದಲ್ಲಿ ಕೆರೆ ಕಟ್ಟಿಸಿದ ಮಾತಿದೆ, ಗೆದ್ದ ಅರಸರ ಹೆಸರುಗಳಿವೆ, ಕಂಚಿಯ ಜಗಳದ ಸುದ್ದಿಯೇ ಇಲ್ಲ.

ಇಲ್ಲಿಗೆ ಕುಬ್ಜ ಸುಳ್ಳು ಹೇಳಿದನೆಂದು ತೀರ್ಮಾನಿಸುವುದೂ ಅವಸರವೇ. ಒಂದು ಪುಟ್ಟ ಶಾಸನದಲ್ಲಿ ಹಳೆಯ ಜಗಳವನ್ನು ಬರೆಸುವ ಅಗತ್ಯ ಮಯೂರಶರ್ಮನಿಗೆ ಇಲ್ಲದಿದ್ದಿರಬಹುದು. ಯಾರು ಹೇಳಿದರು, ಯಾವಾಗ ಹೇಳಿದರು, ಯಾರ ಆಶ್ರಯದಲ್ಲಿದ್ದು ಹೇಳಿದರು, ಬೇರೆ ಯಾರಾದರೂ ಅದನ್ನೇ ಹೇಳಿದ್ದಾರೆಯೇ, ಪಲ್ಲವರ ಕವಿ ಬರೆದಿದ್ದರೆ ಅದೇ ಘಟನೆ ಹೇಗೆ ಕಾಣುತ್ತಿತ್ತು ಎಂಬುದನ್ನೆಲ್ಲ ಕೇಳಿಕೊಂಡು, ಕೊನೆಗೆ ‘ಇಷ್ಟು ಖಚಿತ, ಇಷ್ಟು ಸಂಭವ, ಇಷ್ಟು ತಿಳಿಯದು’ ಎಂದು ಒಂದು ಪುಟ ಬರೆಯುವ ಅಭ್ಯಾಸ ಮಕ್ಕಳಿಗೆ ಆಗಬೇಕು. ಅಂಥ ಒಂದು ಪುಟದ ಮುಂದೆ ನಕಲು ಮಾಡಿದ ನಲವತ್ತು ಪುಟಗಳಿಗೆ ನಾನು ಯಾವ ಬೆಲೆಯನ್ನೂ ಕೊಡಲಾರೆ.

ಕಲ್ಲು ಕಂಬಗಳೇ ಇಲ್ಲದ ಊರುಗಳಲ್ಲಿ ಏನು ಮಾಡಬೇಕೆಂದು ಕೇಳುವವರಿಗೆ ನಾನು ಮನೆಯ ಟ್ರಂಕನ್ನು ತೋರಿಸುತ್ತೇನೆ. ನಮ್ಮ ಸಾಗರದ ಕಡೆ ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಕೊಳಗಗಳಿವೆ. ಗೇಣಿ ರೈತರು ನಡೆಸಿದ 1951ರ ಕಾಗೋಡು ಸತ್ಯಾಗ್ರಹಕ್ಕೆ ಕಿಡಿಯಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಎರಡು ಮನೆಗಳ ಕೊಳಗ ತಂದು ಅಕ್ಕಿ ತುಂಬಿ ಸೇರಿನಲ್ಲಿ ಅಳೆದು ನೋಡುವುದಕ್ಕಿಂತ ದೊಡ್ಡ ಇತಿಹಾಸ ಪಾಠ ನನಗೆ ತಿಳಿದಂತೆ ಇಲ್ಲ. ಉಳುವವನಿಗೇ ಭೂಮಿ ಕೊಡಿಸಿದ 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಹಕ್ಕಿಗಾಗಿ ತುಂಬಿದ ನಮೂನೆ 7ರ ಅರ್ಜಿ, ಭೂನ್ಯಾಯ ಮಂಡಳಿಯ ಆದೇಶದ ಪ್ರತಿ, ಹಳೆಯ ಪಹಣಿಗಳೆಲ್ಲ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಮಡಚಿಕೊಂಡು ಬಿದ್ದಿವೆ.

ಇಲ್ಲೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಮ್ಮದು ಆ ಕಾಯ್ದೆಯಲ್ಲಿ ಗದ್ದೆ ಕಳೆದುಕೊಂಡ ಮನೆ. ನಾನು ಹುಡುಗನಾಗಿದ್ದಾಗ ಊಟಕ್ಕೆ ಕುಳಿತಾಗಲೆಲ್ಲ ಅಜ್ಜ ಆ ಗದ್ದೆಯ ಹೆಸರು ಹಿಡಿದು ನಿಟ್ಟುಸಿರು ಬಿಡುತ್ತಿದ್ದರು. ನಮ್ಮ ಪಾಲಿಗೆ ಅದು ಅನ್ಯಾಯದ ಕಥೆ. ಅದೇ ಗದ್ದೆಯನ್ನು ಉಳುತ್ತಿದ್ದವರ ಮನೆಯ ಅಜ್ಜಿ, ಡಿಕ್ಲರೇಷನ್ ಆದ, ಅಂದರೆ ಗದ್ದೆ ಅವರ ಪಾಲಿಗೆ ಬಂದ ವರ್ಷ, ಮೊದಲ ಬಾರಿಗೆ ಸುಗ್ಗಿಯ ಭತ್ತ ಪೂರ್ತಿ ತಮ್ಮ ಕಣಜಕ್ಕೇ ಬಂದದ್ದನ್ನು ನನಗೆ ಹೇಳಿದಾಗ ನಾನು ಕಾಲೇಜು ಓದುತ್ತಿದ್ದೆ. ಇಬ್ಬರ ಮಾತೂ ನಿಜವಾಗಿತ್ತು. ನನ್ನನ್ನು ಇತಿಹಾಸದ ಕಡೆಗೆ ಎಳೆದದ್ದು ಆ ಅಜ್ಜಿಯ ಮಾತೇ ಹೊರತು ಯಾವ ಪ್ರಶ್ನೋತ್ತರವೂ ಅಲ್ಲ. ಎರಡೂ ಮನೆಗಳ ಜಗಲಿಯಲ್ಲಿ ಕುಳಿತು ಕೇಳಿಸಿಕೊಂಡು, ಆಮೇಲೆ ಕಾಗದ ನೋಡುವ ಭಾಗ್ಯ ಇಂದಿನ ಮಕ್ಕಳಿಗೂ ಸಿಗಲಿ ಎಂದು ನಾನು ಹಂಬಲಿಸುವುದು ಇದಕ್ಕಾಗಿ. ಹೇಳುವವರು ಬಹುಕಾಲ ಇರುವುದಿಲ್ಲ.

‘ರಜೆಯಲ್ಲಿ ಮಕ್ಕಳು ಆಡಿಕೊಂಡಿರಲಿ, ಇದೂ ಒಂದು ಹೊರೆಯೇಕೆ’ ಎಂದು ಕೆಲವರು ಹೇಳಬಹುದು. ಯಾವ ಕೆಲಸವನ್ನೂ ಕೊಡದೆ ಬಿಟ್ಟಿದ್ದರೆ ನಾನು ಈ ಬರಹವನ್ನೇ ಬರೆಯುತ್ತಿರಲಿಲ್ಲ. ಆದರೆ ಬೆರಳು ನೋಯುವಷ್ಟು ಬರೆಸಿ ವಿಶ್ರಾಂತಿಯ ಮಾತಾಡುವುದು ಸರಿಯಲ್ಲ. ‘ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕದ ಪತ್ರಿಕೆ ಬರೆಯಬೇಕು, ಪಾಲಕರು ಅಂಕ ಕೇಳುತ್ತಾರೆ’ ಎಂಬ ವಾದವನ್ನಂತೂ ನಾನು ವೃತ್ತಿಯುದ್ದಕ್ಕೂ ಕೇಳಿದ್ದೇನೆ. ಕಂಬದ ಮುಂದೆ ನಿಂತು ಬಂದ ಮಗು ಮಯೂರಶರ್ಮನನ್ನು ಮರೆಯುವುದಿಲ್ಲ. ಎರಡು ಸಲ ಬರೆದ ಮಗು ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತದೆ. ಇನ್ನು ‘ನಾವು ಪ್ರಾಜೆಕ್ಟ್ ಕೊಡುತ್ತೇವಲ್ಲ’ ಎನ್ನುವವರಿಗೆ ಹೇಳುವುದಿಷ್ಟು: ಪುಸ್ತಕದಂಗಡಿಯಲ್ಲಿ ಸಿಗುವ ಚಿತ್ರದ ಹಾಳೆಯಿಂದ ಹಂಪಿಯ ರಥವನ್ನು ಕತ್ತರಿಸಿ ಅಂಟಿಸಿ, ಕೆಳಗೆ ನಾಲ್ಕು ಸಾಲು ಇಳಿಸಿಕೊಳ್ಳುವುದೂ ನಕಲೇ. ಅದರಲ್ಲಿ ಮಗುವಿನ ಪ್ರಶ್ನೆ ಎಲ್ಲಿದೆ?

ಹೇಳಿದ್ದನ್ನೆಲ್ಲ ನಂಬಿ ಬರೆಯುವುದನ್ನೇ ಹತ್ತು ವರ್ಷ ಅಭ್ಯಾಸ ಮಾಡಿದ ಮಗು, ಮುಂದೆ ವಾಟ್ಸಾಪಿನಲ್ಲಿ ಬಂದ ‘ಇತಿಹಾಸ’ವನ್ನೂ ಹಾಗೆಯೇ ನಂಬಿ ಇನ್ನೊಬ್ಬರಿಗೆ ಕಳಿಸುತ್ತದೆ. 1938ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ನಡೆದ ಗೋಲಿಬಾರಿನಲ್ಲಿ ಸತ್ತವರು ಸರ್ಕಾರದ ಲೆಕ್ಕದಂತೆ 10 ಮಂದಿ, ಹೋರಾಟಗಾರರ ಕಡೆಯ ಲೆಕ್ಕದಂತೆ 30ಕ್ಕೂ ಹೆಚ್ಚು. ಲೆಕ್ಕಗಳು ಏಕೆ ಬೇರೆಯಾದವು, ಕಡಿಮೆ ಹೇಳುವುದರಿಂದ ಯಾರಿಗೆ ಅನುಕೂಲವಿತ್ತು ಎಂದು ಶಾಲೆಯಲ್ಲಿರುವಾಗಲೇ ಒಮ್ಮೆ ಕುಳಿತು ಯೋಚಿಸಿದ ಹುಡುಗನು ಮುಂದೆ ಯಾವ ಅಂಕಿಯನ್ನು ಕಂಡರೂ ಒಂದು ಕ್ಷಣ ನಿಂತು ನೋಡುತ್ತಾನೆ.

ಈ ಬರಹವನ್ನು ಓದುತ್ತಿರುವ ನನ್ನ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ರಜೆ ಇನ್ನೂ ಮುಗಿದಿಲ್ಲ. ತರಗತಿಯ ವಾಟ್ಸಾಪ್ ಗುಂಪಿಗೆ ಇಂದೇ ಒಂದು ಸಂದೇಶ ಕಳಿಸಿ ಎರಡನೆಯ ಸಲದ ಬರವಣಿಗೆಯನ್ನು ಕೈಬಿಡಿ, ಅದರ ಬದಲು ಊರಿನ ಒಂದು ಕಲ್ಲು, ಒಂದು ಕಾಗದ ಅಥವಾ ಒಬ್ಬ ಹಿರಿಯರ ಮಾತಿನ ಬಗ್ಗೆ ಒಂದೇ ಪುಟ ಬರೆದು ತರಲು ಹೇಳಿ. ನಿಮ್ಮ ಮಕ್ಕಳ ಊರುಗಳ ಪಟ್ಟಿ ಕಳಿಸಿದರೆ, ಆ ಊರುಗಳ ಶಾಸನಗಳು ರೈಸ್ ಅವರ ಸಂಪುಟಗಳಲ್ಲಿ ಯಾವ ಪುಟದಲ್ಲಿವೆ ಎಂದು ಹುಡುಕಿಕೊಡುವ ಕೆಲಸವನ್ನು ನಾನು ಮಾಡುತ್ತೇನೆ. ತಮ್ಮನ ಮಗಳ ಶಾಲೆಯವರಿಗೂ ಇದನ್ನೇ ಹೇಳಲು ರಜೆ ಕಳೆದ ಮೊದಲ ದಿನವೇ ಹೋಗುತ್ತಿದ್ದೇನೆ.